ಅಳಿಸಿದ ಮೇಲ್ ಎಲ್ಲಿ ಉಳಿಯುತ್ತದೆ, ಎಲ್ಲಿ ಮಾಯವಾಗುತ್ತದೆ: ಜಿಮೇಲ್, ಐಫೋನ್, ಔಟ್‌ಲುಕ್, ಥಂಡರ್‌ಬರ್ಡ್

ಅಮ್ಮನ ಸ್ಕ್ಯಾನಿಂಗ್ ರಿಪೋರ್ಟ್ ಲ್ಯಾಬಿನಿಂದ ಮೇಲ್‌ನಲ್ಲಿ ಬಂದಿತ್ತು. ಜಾಹೀರಾತಿನ ಮೇಲ್‌ಗಳನ್ನು ಒಟ್ಟಿಗೆ ಟಿಕ್ ಮಾಡಿ ಅಳಿಸುವಾಗ ಅದೂ ಜೊತೆಗೆ ಹೋಯಿತು. ಒಂಬತ್ತನೇ ದಿನ ಡಾಕ್ಟರು ಆ ರಿಪೋರ್ಟ್ ಕೇಳಿದರು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೇ ಟ್ರ್ಯಾಶ್ ತೆರೆದೆ. ಪೂರ್ತಿ ಖಾಲಿ. 30 ದಿನ ಇರುತ್ತದೆ ಅಂತ ಅಲ್ಲೇ ಬರೆದಿರುತ್ತದೆ, ಅಲ್ವಾ? ಒಂಬತ್ತು ದಿನಕ್ಕೇ ಹೋಗಿದ್ದು ಹೇಗೆ? ಲ್ಯಾಬಿನವರು ಇನ್ನೊಂದು ಪ್ರತಿ ಕೊಟ್ಟರು. ಆದರೆ ಅದು ಸಿಗುವವರೆಗೆ ಅಮ್ಮನ ಮುಖ ನೋಡಲು ನನಗೆ ಆಗಲಿಲ್ಲ.

ಮನೆಗೆ ಬಂದು ಕಾರಣ ಹುಡುಕಿದೆ. ನನಗೇ ನಾನು ಒಂದು ಮೇಲ್ ಕಳಿಸಿಕೊಂಡು ಫೋನಿನಲ್ಲಿ ಅಳಿಸಿದೆ. ಬ್ರೌಸರ್‌ನಲ್ಲಿ ನೋಡಿದರೆ ಟ್ರ್ಯಾಶ್‌ನಲ್ಲಿ ಸರಿಯಾಗಿ ಕೂತಿತ್ತು. ಆಮೇಲೆ ಹಾಲ್‌ನಲ್ಲಿರುವ ಹಳೇ ಲ್ಯಾಪ್‌ಟಾಪ್ ತೆರೆದೆ. ಅದರಲ್ಲಿನ ಮೇಲ್ ಪ್ರೋಗ್ರಾಂಗೂ ಇದೇ ಖಾತೆ ಜೋಡಿಸಿದ್ದೆ. ಪ್ರೋಗ್ರಾಂ ತೆರೆದು ಮುಚ್ಚಿ ಬ್ರೌಸರ್‌ಗೆ ವಾಪಸ್ ಬಂದರೆ ಮೇಲ್ ಇಲ್ಲ! ಮುಚ್ಚುವಾಗ ಟ್ರ್ಯಾಶ್ ಖಾಲಿ ಮಾಡು ಅನ್ನುವ ಕಡೆ ಟಿಕ್ ಬಿದ್ದಿತ್ತು. ಯಾವ ಕಾಲದಲ್ಲಿ ಹಾಕಿದ್ದೆನೋ, ನೆನಪೇ ಇಲ್ಲ. ಮೇಲ್‌ಗಳನ್ನು ಸರ್ವರ್‌ನಲ್ಲೇ ಇಟ್ಟು ಎಲ್ಲ ಸಾಧನಗಳಲ್ಲಿ ತೋರಿಸುವ ಐಮ್ಯಾಪ್ ವಿಧಾನದಲ್ಲಿ ಎಲ್ಲ ಕಡೆಯೂ ಇರುವುದು ಒಂದೇ ಟ್ರ್ಯಾಶ್. ಯಾರು ಖಾಲಿ ಮಾಡಿದರೂ ಎಲ್ಲರಿಗೂ ಖಾಲಿ.

ಅದಾದ ಮೇಲೆ ಒಂದೂವರೆ ತಿಂಗಳು ನಾನು ಬಳಸುವ ನಾಲ್ಕರಲ್ಲೂ ಪರೀಕ್ಷೆ ಮಾಡಿದೆ. ಅಳಿಸಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು, ಯಾವುದು ಎಷ್ಟು ದಿನ ನಿಲ್ಲುತ್ತದೆ, ಹೋದ ಮೇಲೆ ವಾಪಸ್ ಸಿಗುತ್ತದೆಯೇ ಅಂತ ನೋಡಿದೆ.

ಬ್ರೌಸರ್‌ನಲ್ಲಿ ಜಿಮೇಲ್ ಒಂದನ್ನೇ ಬಳಸಿದರೆ ಲೆಕ್ಕ ಸರಳ. ಮೇಲ್ ಎಷ್ಟೇ ಹಳೆಯದಿರಲಿ, ಅಳಿಸಿದ ದಿನದಿಂದ 30 ದಿನ. ನಾಲ್ಕರಲ್ಲಿ ಇದರ ನಡವಳಿಕೆಯನ್ನೇ ಅತಿ ಸುಲಭವಾಗಿ ಊಹಿಸಬಹುದು. ಎರಡು ವಿಷಯ ಮಾತ್ರ ಗೊತ್ತಿರಬೇಕು. ಸಾಮಾನ್ಯ ಹುಡುಕಾಟ ಟ್ರ್ಯಾಶ್ ಒಳಗೆ ನೋಡುವುದಿಲ್ಲ. ಮೇಲ್ ಅಲ್ಲೇ ಇದ್ದರೂ ಎಷ್ಟೋ ಜನ ಹೋಯ್ತು ಅಂದುಕೊಳ್ಳುವುದು ಇದರಿಂದಲೇ. ಹುಡುಕುವ ಜಾಗದಲ್ಲಿ ಮೊದಲು ‘ಇನ್:ಎನಿವೇರ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಆಮೇಲೆ ಬೇಕಾದ ಪದ ಹಾಕಿ. ಇನ್ನೊಂದು, ಒಂದೇ ವಿಷಯದ ಮೇಲ್‌ಗಳು ಒಂದು ಸರಪಳಿಯಾಗಿ ಕಾಣುವಾಗ ಪಟ್ಟಿಯಲ್ಲಿ ಆ ಸಾಲನ್ನು ಅಳಿಸಿದರೆ ಇಡೀ ಸರಪಳಿಯೇ ಹೋಗುತ್ತದೆ.

ಆದರೆ ಟ್ರ್ಯಾಶ್‌ನಿಂದಲೂ ಹೋದ ಮೇಲೆ ಸ್ವಂತ ಜಿಮೇಲ್ ಖಾತೆಯವರಿಗೆ ಹೆಚ್ಚೇನೂ ದಾರಿಯಿಲ್ಲ. ಕಂಪನಿಯ ಗೂಗಲ್ ವರ್ಕ್‌ಸ್ಪೇಸ್ ಖಾತೆಯಾದರೆ ಅಲ್ಲಿಂದ ಇನ್ನೂ 25 ದಿನದೊಳಗೆ ಅಡ್ಮಿನ್ ವಾಪಸ್ ತರಬಹುದು.

ಐಫೋನಿನ ಮೇಲ್ ಆ್ಯಪ್‌ನಲ್ಲಿ ಖಾತೆಯ ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗೆ ಹೋಗಿ ನೋಡಿ. ಅಳಿಸಿದ್ದನ್ನು ಯಾವಾಗ ತೆಗೆಯಬೇಕು ಅನ್ನುವುದಕ್ಕೆ ಯಾವತ್ತೂ ಬೇಡ, ಒಂದು ದಿನ, ಒಂದು ವಾರ, ಒಂದು ತಿಂಗಳು ಅಂತ ಆಯ್ಕೆ ಇರುತ್ತದೆ. ನಾನು ಯಾವತ್ತೂ ಬೇಡ ಅಂತ ಇಟ್ಟಿದ್ದೇನೆ. ಅದರ ಪಕ್ಕದಲ್ಲೇ ಅಳಿಸಿದ ಮೇಲ್ ಆರ್ಕೈವ್‌ಗೆ ಹೋಗಬೇಕೋ ಟ್ರ್ಯಾಶ್‌ಗೋ ಅನ್ನುವುದೂ ಇದೆ. ಅದು ಆರ್ಕೈವ್ ಅಂತಿದ್ದರೆ ಟ್ರ್ಯಾಶ್ ತಡಕಾಡಿ ಸುಮ್ನೆ ಸುಸ್ತಾಗಬೇಡಿ. ಜಿಮೇಲ್‌ನ ‘ಆಲ್ ಮೇಲ್’ ಒಳಗೆ ಆರಾಮಾಗಿ ಇರುತ್ತದೆ.

ಎರಡನೇ ಅವಕಾಶ ಕೊಡುವುದರಲ್ಲಿ ಔಟ್‌ಲುಕ್ ಮುಂದೆ. ಆಫೀಸಿನ ಮೈಕ್ರೋಸಾಫ್ಟ್ 365 ಖಾತೆಯಲ್ಲಿ ‘ಡಿಲೀಟೆಡ್ ಐಟಮ್ಸ್’ ಹಿಂದೆ ಇನ್ನೊಂದು ಬುಟ್ಟಿ ಇರುತ್ತದೆ. ಒಂದು ಮೇಲನ್ನು ಬೇಕೆಂದೇ ಶಿಫ್ಟ್ ಒತ್ತಿ ಡಿಲೀಟ್ ಮಾಡಿದೆ. ಮೊದಲ ಬುಟ್ಟಿಗೆ ಅದು ಬರಲೇ ಇಲ್ಲ. ಆಮೇಲೆ ಫೋಲ್ಡರ್ ಮೆನುವಿನ ‘ರಿಕವರ್ ಡಿಲೀಟೆಡ್ ಐಟಮ್ಸ್’ ಒತ್ತಿದರೆ ಅಲ್ಲಿ ಸಿಕ್ಕಿತು. ಸಾಮಾನ್ಯವಾಗಿ ಅಲ್ಲಿ 14 ದಿನ ಇರುತ್ತದೆ, ಅಡ್ಮಿನ್ ಅದನ್ನು 30ರವರೆಗೆ ಏರಿಸಬಹುದು. ಇದೇ ಔಟ್‌ಲುಕ್‌ಗೆ ಜಿಮೇಲ್ ಜೋಡಿಸಿ ನೋಡಿದಾಗ ಆ ಅನುಕೂಲ ಸಿಗಲಿಲ್ಲ. ಎರಡನೇ ಬುಟ್ಟಿ ಇರುವುದು ಸರ್ವರ್‌ನಲ್ಲಿ, ಪ್ರೋಗ್ರಾಂನಲ್ಲಿ ಅಲ್ಲ. ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್ ಒಳಗೆ ಹೋಗಿ, ಮುಚ್ಚುವಾಗ ಖಾಲಿ ಮಾಡುವ ಟಿಕ್ ಇದ್ದರೆ ತೆಗೆದುಬಿಡಿ.

ಥಂಡರ್‌ಬರ್ಡ್‌ಗೆ ನಾನು ಅತಿ ಹೆಚ್ಚು ಸಮಯ ಕೊಟ್ಟೆ. ನಮ್ಮ ಕೈಗೆ ಇಷ್ಟು ಹಿಡಿತ ಕೊಡುವ ಪ್ರೋಗ್ರಾಂ ಈ ನಾಲ್ಕರಲ್ಲಿ ಇನ್ನೊಂದಿಲ್ಲ. ಆ ಹಿಡಿತದಲ್ಲೇ ಅಪಾಯವೂ ಇದೆ. ‘ಎಂಪ್ಟಿ ಟ್ರ್ಯಾಶ್ ಆನ್ ಎಕ್ಸಿಟ್’ ಸರ್ವರ್ ಸೆಟ್ಟಿಂಗ್ಸ್ ಪುಟದಲ್ಲೇ ಕಾಣುತ್ತದೆ, ತೆಗೆಯುವುದು ಸುಲಭ. ಕಣ್ಣಿಗೆ ಬೀಳದೆ ಕುಳಿತಿರುವುದು ಫೋಲ್ಡರ್ ಪ್ರಾಪರ್ಟೀಸ್ ಒಳಗಿನ ರಿಟೆನ್ಷನ್ ಪಾಲಿಸಿ. ಇಷ್ಟು ದಿನಕ್ಕಿಂತ ಹಳೆಯ ಮೇಲ್ ತೆಗೆದುಹಾಕು ಅಂತ ಅಲ್ಲಿ ಹೇಳಬಹುದು. ಜಿಮೇಲ್ ತರಹವೇ ಇರಲಿ ಅಂತ ಟ್ರ್ಯಾಶ್‌ಗೆ 30 ದಿನ ಕೊಟ್ಟು, ಎರಡು ತಿಂಗಳ ಹಿಂದಿನ ಒಂದು ಕರೆಂಟ್ ಬಿಲ್ ಮೇಲ್ ಅಳಿಸಿದೆ. ಮಾರನೇ ದಿನಕ್ಕೇ ಅದು ಇರಲಿಲ್ಲ. ಏಕೆಂದರೆ ಇದು ಎಣಿಸುವುದು ಮೇಲ್‌ನ ತಾರೀಖಿನಿಂದ, ನಾವು ಅಳಿಸಿದ ದಿನದಿಂದ ಅಲ್ಲ! ಟ್ರ್ಯಾಶ್‌ನಲ್ಲಿ ಹೊಸ ಮೇಲ್ ಉಳಿದು ಹಳೆಯದು ಮಾತ್ರ ಹೋಗುತ್ತಿದ್ದರೆ ಮೊದಲು ಇಲ್ಲಿ ನೋಡಿ.

ಇದೇ ಥಂಡರ್‌ಬರ್ಡ್ ನನಗೆ ಒಂದು ಸಂತೋಷವನ್ನೂ ಕೊಟ್ಟಿತು. ಪಾಪ್ ಖಾತೆಯಲ್ಲಿ, ಅಂದರೆ ಮೇಲ್‌ಗಳನ್ನು ಸರ್ವರ್‌ನಿಂದ ಕಂಪ್ಯೂಟರಿಗೇ ಇಳಿಸಿಕೊಳ್ಳುವ ಖಾತೆಯಲ್ಲಿ, ಒಂದೊಂದು ಫೋಲ್ಡರಿನ ಮೇಲ್‌ಗಳೆಲ್ಲ ಕಂಪ್ಯೂಟರಿನ ಒಂದೊಂದು ದೊಡ್ಡ ಫೈಲಿನಲ್ಲಿ ಇರುತ್ತವೆ. ಇನ್‌ಬಾಕ್ಸ್‌ನಿಂದ ಅಳಿಸಿದರೂ, ಫೋಲ್ಡರ್ ಕಾಂಪ್ಯಾಕ್ಟ್ ಆಗುವವರೆಗೆ (ಅಳಿಸಿದ ಮೇಲ್‌ಗಳನ್ನು ಫೈಲಿನಿಂದ ನಿಜವಾಗಿ ತೆಗೆದು ಜಾಗ ಉಳಿಸುವವರೆಗೆ) ಅಕ್ಷರಗಳು ಇನ್‌ಬಾಕ್ಸ್ ಫೈಲಿನಲ್ಲೇ ಉಳಿದಿರುತ್ತವೆ. ಹಾಗಾಗಿ ಹುಡುಕಬೇಕಾದ್ದು ಟ್ರ್ಯಾಶ್ ಫೈಲಿನಲ್ಲಿ ಅಲ್ಲ. ಥಂಡರ್‌ಬರ್ಡ್ ಮುಚ್ಚಿ, ಇನ್‌ಬಾಕ್ಸ್ ಫೈಲಿನ ಒಂದು ನಕಲು ಬೇರೆ ಕಡೆ ಇಟ್ಟು, ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದೆ. ಮೇಲ್‌ನ ವಿಷಯ ಹುಡುಕಿದಾಗ ಅದರ ಮೇಲೆ ‘ಎಕ್ಸ್-ಮೊಜಿಲ್ಲಾ-ಸ್ಟೇಟಸ್’ ಅನ್ನುವ ಸಾಲು ಕಂಡಿತು, ಮುಂದೆ 0009 ಅಂತ. ಓದಿದ್ದಕ್ಕೆ 1, ಅಳಿಸಿದ್ದಕ್ಕೆ 8, ಎರಡೂ ಸೇರಿ 9. ಅದನ್ನು 0001 ಮಾಡಿ ಉಳಿಸಿದೆ. ಪಕ್ಕದ ಎಂಎಸ್‌ಎಫ್ ಫೈಲ್ (ಅದು ಫೋಲ್ಡರಿನ ಸೂಚಿ ಮಾತ್ರ) ತೆಗೆದುಹಾಕಿ ಥಂಡರ್‌ಬರ್ಡ್ ತೆರೆದರೆ, ಮೇಲ್ ಇನ್‌ಬಾಕ್ಸ್‌ನಲ್ಲಿ ತನ್ನ ಜಾಗದಲ್ಲೇ ಇತ್ತು. ನಿಜವಾಗಿ ಎದ್ದು ನಿಂತು ಮನೆಯವರನ್ನು ಕರೆದು ತೋರಿಸಿದೆ. ಒಮ್ಮೆ ಕಾಂಪ್ಯಾಕ್ಟ್ ಆಯಿತೆಂದರೆ ಈ ದಾರಿ ಮುಚ್ಚುತ್ತದೆ. ಆದ್ದರಿಂದ ಮೇಲ್ ಕಳೆದಿದೆ ಅಂತ ಗೊತ್ತಾದ ತಕ್ಷಣ ಪ್ರೋಗ್ರಾಂ ಮುಚ್ಚಿ, ಮೊದಲು ಫೈಲ್ ನಕಲು ಮಾಡಿಕೊಳ್ಳಿ.

ಯಾವುದು ಒಳ್ಳೆಯದು ಅಂತ ಕೇಳಿದರೆ, ಮನೆಯ ಹಿರಿಯರಿಗೆ ನಾನು ಜಿಮೇಲ್‌ನ ಸ್ವಂತ ಆ್ಯಪ್ ಒಂದನ್ನೇ ಹಾಕಿಕೊಡುತ್ತೇನೆ, ಬೇರೆ ಯಾವ ಪ್ರೋಗ್ರಾಂಗೂ ಜೋಡಿಸುವುದಿಲ್ಲ. ಆಫೀಸಿನ ಕೆಲಸಕ್ಕೆ ಔಟ್‌ಲುಕ್, ಆ ಎರಡನೇ ಬುಟ್ಟಿಗಾಗಿಯೇ. ನನಗೆ ಥಂಡರ್‌ಬರ್ಡ್. ಅದರಲ್ಲಿ ಯಾವ ಫೋಲ್ಡರ್‌ಗೂ ರಿಟೆನ್ಷನ್ ಇಟ್ಟಿಲ್ಲ. ಹಾಲ್‌ನ ಲ್ಯಾಪ್‌ಟಾಪಿನಿಂದ ಖಾತೆ ತೆಗೆದುಹಾಕಿದ್ದಾಗಿದೆ. ಗೂಗಲ್ ಖಾತೆಯ ಸೆಕ್ಯೂರಿಟಿ ಪುಟದಲ್ಲಿ ಜೋಡಿಸಿದ ಆ್ಯಪ್‌ಗಳ ಪಟ್ಟಿ ಇರುತ್ತದೆ, ಅಲ್ಲಿ ನನ್ನದೇ ಇನ್ನೂ ಎರಡು ಹಳೇ ಹೆಸರು ಸಿಕ್ಕವು. ಅವನ್ನೂ ತೆಗೆದೆ. ಅಮ್ಮನ ರಿಪೋರ್ಟ್‌ಗಳು ಈಗ ಮೇಲ್‌ನಲ್ಲಷ್ಟೇ ಇಲ್ಲ. ಬಂದ ದಿನವೇ ಪಿಡಿಎಫ್ ಇಳಿಸಿ, ಅವಳ ಹೆಸರಿನ ಫೋಲ್ಡರ್‌ನಲ್ಲಿ ಇಡುತ್ತೇನೆ.