ವಾಲಿಬಾಲ್ ರಿಕ್ರೂಟಿಂಗ್ ಸೇವೆ: ದುಡ್ಡು ಕಟ್ಟುವ ಮುನ್ನ

ಅಮೆರಿಕದಲ್ಲಿ ಮಗಳನ್ನು ಕಾಲೇಜು ವಾಲಿಬಾಲ್‌ಗೆ ಸೇರಿಸಬೇಕೆನ್ನುವ ಕನ್ನಡದ ಮನೆಗಳು ಹಣ ಕೊಟ್ಟು ಪಡೆಯುವ ರಿಕ್ರೂಟಿಂಗ್ ಸೇವೆಗಳಿಗೆ (ಆಟಗಾರ್ತಿಯನ್ನು ಕಾಲೇಜು ಕೋಚ್‌ಗಳಿಗೆ ಪರಿಚಯಿಸುವ ಸಂಸ್ಥೆಗಳು) ಐದರಲ್ಲಿ ಎರಡು ಅಂಕ. ವಿಡಿಯೊ ಎಡಿಟಿಂಗ್ ಅಚ್ಚುಕಟ್ಟು. ಆದರೆ ಒಂದೇ ಇಮೇಲ್ ನೂರಾರು ಕೋಚ್‌ಗಳಿಗೆ ಹೋಗುತ್ತದೆ. ಅಂಥದ್ದನ್ನು ಓದುವವರು ಕಡಿಮೆ.

ಈ ಸೇವೆಗಳು ಮಾಡದ ಮುಖ್ಯ ಕೆಲಸ ರೋಸ್ಟರ್, ಅಂದರೆ ತಂಡದ ಆಟಗಾರ್ತಿಯರ ಪಟ್ಟಿ, ಓದುವುದು. ಕಾಲೇಜಿನ ವೆಬ್‌ಸೈಟಿನಲ್ಲಿ ನಿಮ್ಮ ಮಗಳ ಸ್ಥಾನದಲ್ಲಿ ಆಡುವವರು ಯಾವ ವರ್ಷದಲ್ಲಿದ್ದಾರೆ ನೋಡಿ. ಮಗಳು ಸೆಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು) ಆಗಿದ್ದು, ತಂಡದ ಸೆಟರ್‌ಗಳಿಬ್ಬರೂ ಮೊದಲ ವರ್ಷದವರಾದರೆ, ಅವಳು ಬೆಂಚಿನಲ್ಲೇ ಕೂರಬೇಕಾದೀತು. ಹಿಂದಿನ ಮೂರು ವರ್ಷಗಳ ರೋಸ್ಟರ್‌ಗಳನ್ನೂ ಹೋಲಿಸಿ: ಎಷ್ಟು ಹುಡುಗಿಯರು ನಡುವೆಯೇ ಬಿಟ್ಟುಹೋದರು ಎಂಬುದು ಕೋಚ್ ಬಗ್ಗೆ ಬಹಳ ಹೇಳುತ್ತದೆ.

ವಿಡಿಯೊ ನೀವೇ ಮಾಡಬಹುದು. ಎಂಡ್‌ಲೈನ್ (ಕೋರ್ಟಿನ ಹಿಂಬದಿಯ ಗೆರೆ) ಹಿಂದೆ ಎತ್ತರದಲ್ಲಿ ಕ್ಯಾಮೆರಾ ಇಡಿ, ಮೂರು ನಿಮಿಷ ಸಾಕು, ಒಳ್ಳೆಯ ಆಟ ಮೊದಲಿಗೇ ಬರಲಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಜರ್ಸಿ ಸಂಖ್ಯೆ, ಎತ್ತರ, ಅಪ್ರೋಚ್ ಟಚ್ (ಓಡಿಬಂದು ಜಿಗಿದಾಗ ಕೈ ಮುಟ್ಟುವ ಎತ್ತರ), ಟೂರ್ನಿಯ ಕೋರ್ಟ್ ಸಂಖ್ಯೆ ಕೋಚ್‌ಗೆ ನೀವೇ ಬರೆಯುವ ಇಮೇಲಿನಲ್ಲಿರಲಿ.

ಡಿವಿಷನ್ 1ರ (ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ) ಕೋಚ್‌ಗಳು ಹತ್ತನೇ ತರಗತಿ ಮುಗಿದ ಬಳಿಕದ ಜೂನ್ 15ರವರೆಗೆ ಆಯ್ಕೆಯ ಮಾತಾಡುವಂತಿಲ್ಲ. ಆ ಮೌನಕ್ಕೆ ಹೆದರಿ ಪ್ಯಾಕೇಜ್ ಕೊಳ್ಳಬೇಡಿ. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ, ಅಲ್ಲಿ ಅಂಕಪಟ್ಟಿ ನೋಡಿ ಕೊಡುವ ನೆರವನ್ನು ಕೇಳಿ.