ಲೀಸ್ಡ್ ಲೈನ್ ಅಂತ ಹೇಳಿ ಫೋನ್ ವೈರ್ ಬ್ರಾಡ್‌ಬ್ಯಾಂಡ್ ಕೊಡ್ತಾರೆ, ಅಡ್ವಾನ್ಸ್ ಕೊಡೋ ಮುಂಚೆ ಓದಿ

ತುಮಕೂರು ಅಂತರಸನಹಳ್ಳಿ ಕಡೆ ಆಫೀಸ್, ಗೋಡೌನ್ ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಲೀಸ್ಡ್ ಲೈನ್ ಅಂದ್ರೆ ನಮ್ಗೊಬ್ಬರಿಗೇ ಅಂತ ಮೀಸಲಾದ ಇಂಟರ್ನೆಟ್ ಲೈನ್. ನಮ್ದು ಪಂಪ್ ಸ್ಪೇರ್ಸ್ ವ್ಯಾಪಾರ. ಟ್ಯಾಲಿ (ಬಿಲ್, ಲೆಕ್ಕದ ಸಾಫ್ಟ್‌ವೇರ್) ಸರ್ವರ್ ಇಲ್ಲಿದೆ, ತಿಪಟೂರು, ಶಿರಾ ಬ್ರಾಂಚ್ ಹುಡುಗರು ಅಲ್ಲಿಂದಲೇ ಕನೆಕ್ಟ್ ಆಗಿ ಬಿಲ್ ಹಾಕ್ತಾರೆ. ಇದನ್ನೆಲ್ಲ ಏಜೆಂಟ್‌ಗೆ ಮೊದಲೇ ಬಿಡಿಸಿ ಹೇಳಿದ್ದೆ, ನಮ್ಗೆ ಇಲ್ಲಿಂದ ಆಚೆ ಡೇಟಾ ಹೋಗೋದೇ, ಅಂದ್ರೆ ಅಪ್‌ಲೋಡೇ ಮುಖ್ಯ ಅಂತ. "ಅದಕ್ಕೇ ಸರ್ ಬಿಸಿನೆಸ್ ಲೈನ್ ಇರೋದು, ಲೀಸ್ಡ್ ಲೈನೇ ಇದು, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಕೊಡ್ತೀವಿ, ನಿಮ್ಮ ಲ್ಯಾಂಡ್‌ಲೈನ್ ವೈರ್ ಮೇಲೇ ಬರತ್ತೆ, ರೋಡ್ ಅಗೆಯೋ ತಲೆನೋವಿಲ್ಲ" ಅಂದ. ಅವರ ಆಫೀಸಲ್ಲಿ ಕೂರಿಸಿ ಸ್ಪೀಡ್ ಟೆಸ್ಟ್ ತೋರಿಸಿದ, 20 ಎಂಬಿಪಿಎಸ್ ಹತ್ರ ಬಂತು. ಆ ಆಫೀಸ್ ಇರೋದು ಟೆಲಿಫೋನ್ ಎಕ್ಸ್‌ಚೇಂಜ್ ಪಕ್ಕದಲ್ಲೇ! ವರ್ಷದ ದುಡ್ಡು, ಮೇಲೆ 18% ಜಿಎಸ್‌ಟಿ, ಎಲ್ಲಾ ಮುಂಗಡ ತಗೊಂಡ್ರು.

ಲೈನ್ ಬಂದ ಮೇಲೆ ನೋಡಿ, ತಿಪಟೂರಲ್ಲಿ ಬಿಲ್ ಒತ್ತಿದ್ರೆ ಸ್ಕ್ರೀನ್ ಹಾಗೇ ನಿಂತ್ಬಿಡತ್ತೆ, ಗಿರಾಕಿ ಕೌಂಟರ್ ಮುಂದೆ ಕಾಯ್ತಾ ಇರ್ತಾರೆ, ಶಿರಾದಿಂದ ಫೋನ್ ಮೇಲೆ ಫೋನ್. ಕಂಪ್ಲೇಂಟ್ ಕೊಟ್ಟು ಕೊಟ್ಟು ಸಾಕಾಗಿ ಕೊನೆಗೆ ಒಬ್ಬ ಲೈನ್‌ಮ್ಯಾನ್ ಬಂದ, ಮೋಡೆಮ್ ಪೇಜ್ ತೆಗೆದು ನೋಡಿ, "ಇದು ಲೀಸ್ಡ್ ಲೈನ್ ಅಂತ ಯಾರ್ ಹೇಳಿದ್ರು ಸಾರ್? ಮಾಮೂಲಿ ಎಡಿಎಸ್ಎಲ್ ಇದು, ಫೋನ್ ವೈರ್ ಮೇಲೆ ಬರೋ ಬ್ರಾಡ್‌ಬ್ಯಾಂಡ್. ಕೇಬಲ್ ಎಕ್ಸ್‌ಚೇಂಜ್‌ನಿಂದ 4 ಕಿಲೋಮೀಟರ್ ಹತ್ರ ಬರತ್ತೆ, ಅಪ್‌ಲೋಡ್ 1 ಎಂಬಿಪಿಎಸ್ ಕೂಡ ದಾಟಲ್ಲ" ಅಂದ. ಸ್ಟಾಫ್ ಎಲ್ಲ ಎದುರಿಗೇ ನಿಂತಿದ್ರು. ನಂಗೆ ತಲೆ ಎತ್ತಕ್ಕಾಗ್ಲಿಲ್ಲ. ಮುಖದ ಮೇಲೇ ಸುಳ್ಳು ಹೇಳಿ ದುಡ್ಡು ತಗೊಂಡು ಹೋಗಿದಾರೆ, ಲೀಸ್ಡ್ ಲೈನ್ ಅಂತ ಬಾಯ್ಬಿಟ್ಟು ಹೇಳಿದಾರೆ!

ಎಡಿಎಸ್ಎಲ್2+ (ಎಡಿಎಸ್ಎಲ್‌ನ ಸುಧಾರಿಸಿದ ರೂಪ) ಆದ್ರೂ ಡೌನ್‌ಲೋಡ್ ಜಾಸ್ತಿ ಅಂದ್ರೆ 24 ಎಂಬಿಪಿಎಸ್, ಅದೂ ಎಕ್ಸ್‌ಚೇಂಜ್ ಹತ್ರ ಇದ್ರೆ, ದೂರ ಹೋದ ಹಾಗೆ ತಾಮ್ರದ ವೈರಲ್ಲಿ ಸಿಗ್ನಲ್ ಸಾಯತ್ತೆ. ಅಪ್‌ಲೋಡ್ ಎಷ್ಟೇ ಹತ್ರ ಇದ್ರೂ 1ರ ಆಸುಪಾಸು. ಬ್ರಾಂಚ್‌ಗೆ ಬೇಕಾದ್ದೆಲ್ಲ ನಮ್ಮ ಅಪ್‌ಲೋಡ್‌ನಲ್ಲೇ ಹೋಗ್ಬೇಕು. 1 ಎಂಬಿಪಿಎಸ್‌ನಲ್ಲಿ 500 ಎಂಬಿ ಬ್ಯಾಕಪ್ ಕಳಿಸಕ್ಕೆ ಗಂಟೆ ಮೇಲೆ ಬೇಕು, ಅಷ್ಟು ಹೊತ್ತು ಬಿಲ್ಲಿಂಗ್ ಬಂದ್. ನಿಜವಾದ ಲೀಸ್ಡ್ ಲೈನಲ್ಲಿ ಹೋಗೋದೂ ಬರೋದೂ ಒಂದೇ ಸ್ಪೀಡು, ಬೇರೆಯವರ ಜೊತೆ ಹಂಚ್ಕೊಳೋದಿಲ್ಲ. ಇದು ಮಾರೋರಿಗೆ ಗೊತ್ತಿಲ್ವಾ? ಚೆನ್ನಾಗೇ ಗೊತ್ತು.

ಫೋನ್ ಮಾಡಿ ಕೇಳಿದ್ರೆ ಉತ್ತರ ನೋಡಿ. ಮೊದಲು "ಅಪ್‌ ಟು ಅಂತ ಬರ್ದಿದೀವಲ್ಲ ಸರ್". ಆಮೇಲೆ "ಲೀಸ್ಡ್ ಲೈನ್ 'ಥರ' ಅಂತ ಹೇಳಿದ್ದು ಸರ್". ಥರ ಅಂತ ಯಾವಾಗಪ್ಪ ಹೇಳಿದ್ದು? ಕೊನೆಗೆ ಮ್ಯಾನೇಜರ್, "2023ರಿಂದ ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಇದ್ರೆ ಬ್ರಾಡ್‌ಬ್ಯಾಂಡೇ, ನಿಮ್ಗೆ ಅದಕ್ಕಿಂತ ಜಾಸ್ತಿ ಬರ್ತಿದೆಯಲ್ಲ" ಅಂದ. ಆ 2 ಇರೋದು ಡೌನ್‌ಲೋಡ್‌ಗೆ ಸ್ವಾಮಿ, ನಾನು ಕೇಳ್ತಿರೋದು ಅಪ್‌ಲೋಡ್! ಮತ್ತೆ ನಾನು ದುಡ್ಡು ಕೊಟ್ಟಿದ್ದು ಲೀಸ್ಡ್ ಲೈನ್‌ಗೆ, ಬ್ರಾಡ್‌ಬ್ಯಾಂಡ್‌ಗಲ್ಲ. ಫೋನ್ ಕಟ್.

ಬಾಯಿ ಮಾತು ನಂಬ್ಬೇಡಿ, ಅಪ್‌ಲೋಡ್ ಎಷ್ಟು ಅಂತ ಕೊಟೇಶನ್‌ನಲ್ಲೇ ಬರೆಸಿ, ಟೆಸ್ಟ್ ನಿಮ್ಮ ಆಫೀಸಲ್ಲೇ ನಿಮ್ಮ ವೈರಲ್ಲೇ ಮಾಡ್ಸಿ, ಡಾಕೆಟ್ ನಂಬರ್ (ಕಂಪ್ಲೇಂಟ್ ನಂಬರ್) ಎಲ್ಲ ಬರ್ದಿಟ್ಕೊಳಿ. ವರ್ಷದ ದುಡ್ಡು ಒಟ್ಟಿಗೆ ಮಾತ್ರ ಕೊಡ್ಲೇಬೇಡಿ. ನಮ್ಮ ಕಂಪ್ಲೇಂಟ್ ಈಗ ಕಂಪನಿಯ ಅಪೀಲ್‌ನಲ್ಲಿದೆ, ರೀಫಂಡ್ ಬಗ್ಗೆ ಇನ್ನೂ ಒಂದು ಮಾತಿಲ್ಲ, ಆ ಏಜೆಂಟ್ ಮಾತ್ರ ನಿನ್ನೆ ನಮ್ಮ ಎದುರಿನ ಶೆಡ್‌ಗೆ ಅದೇ ಪ್ಲಾನ್ ಮಾರಕ್ಕೆ ಬಂದಿದ್ದ.