ಅಡಿಕೆ ಡ್ರೈಯರ್‌ನ ಸಿಎಫ್‌ಡಿ: ಪಿ_ಆರ್‌ಜಿಎಚ್ ಒಳ್ಳೆಯದೋ, ಆಪರೇಟಿಂಗ್ ಡೆನ್ಸಿಟಿಯೋ?

ಫ್ಯಾನ್ ಇಲ್ಲದೆ ಬರೀ ಚಿಮಣಿಯ ಎಳೆತದಲ್ಲಿ ನಡೆಯುವ ಅಡಿಕೆ ಡ್ರೈಯರ್‌ನ ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು (ಇದೇ ಸಿಎಫ್‌ಡಿ) ನನ್ನ ಆಯ್ಕೆ ಉಚಿತ ತಂತ್ರಾಂಶ ಓಪನ್‌ಫೋಮ್‌ನ ಪಿ_ಆರ್‌ಜಿಎಚ್, ಅಂದರೆ ಗಾಳಿಯ ತೂಕದ ಪಾಲನ್ನು ಕಳೆದ ಒತ್ತಡ. ಲೈಸೆನ್ಸ್ ಬೇಕಾದ ತಂತ್ರಾಂಶ ಫ್ಲುಯೆಂಟ್‌ನ ಆಪರೇಟಿಂಗ್ ಡೆನ್ಸಿಟಿ (ಲೆಕ್ಕಕ್ಕೆ ಆಧಾರವಾಗಿ ಕೊಡುವ ಸಾಂದ್ರತೆ) ದಾರಿಯಲ್ಲೂ ಸರಿಯಾದ ಉತ್ತರವೇ ಸಿಗುತ್ತದೆ. ಆದರೆ ಅಲ್ಲಿ ತಪ್ಪು ಅಂಕಿ ಕೂತರೂ ಲೆಕ್ಕ ಸಲೀಸಾಗಿ ಕನ್ವರ್ಜ್ ಆಗಿಬಿಡುತ್ತದೆ, ಅಂದರೆ ಒಂದು ಉತ್ತರಕ್ಕೆ ಬಂದು ನಿಲ್ಲುತ್ತದೆ.

ಮೊದಲು ಅಳತೆ. ಶಿವಮೊಗ್ಗದ ಎತ್ತರ ಸುಮಾರು 570 ಮೀಟರ್, ಗಾಳಿಯ ಒತ್ತಡ ಸುಮಾರು 94,700 ಪ್ಯಾಸ್ಕಲ್. ಹೊರಗೆ 25 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.107 ಕೆಜಿ, ಒಳಗೆ 60 ಡಿಗ್ರಿ ಇದ್ದರೆ 0.990. ಕೆಳಗಿನ ಕಿಂಡಿಯಿಂದ ಚಿಮಣಿಯ ತುದಿಗೆ 6 ಮೀಟರ್ ಎಂದುಕೊಳ್ಳಿ. ಹೊರಗಿನ ಗಾಳಿಯ ಹೈಡ್ರೊಸ್ಟ್ಯಾಟಿಕ್ ಒತ್ತಡ (ಗಾಳಿಯ ತೂಕದಿಂದಲೇ ಬರುವ ಒತ್ತಡ) 65 ಪ್ಯಾಸ್ಕಲ್ ಇಳಿಯುತ್ತದೆ. ಬೇಯಿಸಿದ ಅಡಿಕೆಯ ತಟ್ಟೆಗಳ ನಡುವೆ ಗಾಳಿಯನ್ನು ಎಳೆಯುವುದು ಅದರಲ್ಲಿ ಬರೀ 6.8 ಪ್ಯಾಸ್ಕಲ್.

ಫ್ಲುಯೆಂಟ್ ಒತ್ತಡದಿಂದ ಒಂದು ಸ್ಥಿರ ಸಾಂದ್ರತೆಯ (ಅದೇ ಆಪರೇಟಿಂಗ್ ಡೆನ್ಸಿಟಿ) ತೂಕವನ್ನು ಕಳೆದಿಡುತ್ತದೆ. ಕಿಂಡಿಗೂ ಚಿಮಣಿಗೂ ಗೇಜ್ ಒತ್ತಡ (ಕಳೆದು ಉಳಿದ ಒತ್ತಡ) ಸೊನ್ನೆ ಕೊಟ್ಟರೆ, ಹೊರಗಿನ ಗಾಳಿಗೆ ಅದೇ ಸಾಂದ್ರತೆ ಇದೆ ಎಂದು ಹೇಳಿದಂತೆ. ತೊಡಕು ಇರುವುದೇ ಇಲ್ಲಿ. ಸಮುದ್ರಮಟ್ಟದ 1.225 ಹಾಗೇ ಉಳಿದರೆ ಎಳೆತ 6.8ರ ಬದಲು 13.8 ಪ್ಯಾಸ್ಕಲ್ ಆಗುತ್ತದೆ, ಗಾಳಿಯ ವೇಗ ಶೇ. 40ರಷ್ಟು ಹೆಚ್ಚು ಕಾಣುತ್ತದೆ. ಆ ಲೆಕ್ಕ ನಂಬಿ ತಟ್ಟೆ ಹೆಚ್ಚಿಸಿದರೆ ಅಡಿಕೆಗೆ ಬೂಷ್ಟು ಹಿಡಿಯುವುದು ಖಂಡಿತ. ಆ ಅಂಕಿಯನ್ನು ಕೊಡದೆ ಸೆಲ್‌ಗಳ (ಲೆಕ್ಕಕ್ಕಾಗಿ ಜಾಗವನ್ನು ಹೋಳು ಮಾಡಿದ ಪುಟ್ಟ ತುಂಡುಗಳ) ಸರಾಸರಿಗೆ ಬಿಟ್ಟರೆ ಇದರ ತಿರುವುಮುರುವು: ಡೊಮೇನ್ (ಲೆಕ್ಕದ ಜಾಗ) ತುಂಬ ಬಿಸಿ ಗಾಳಿಯೇ ಇರುವುದರಿಂದ ಸರಾಸರಿ 0.99ರ ಹತ್ತಿರ ಬಂದು ಎಳೆತವೇ ಮಾಯ. ಹೊರಗಿನ ಗಾಳಿಯ 1.107 ಅನ್ನು ಕೈಯಾರೆ ಕೊಡಬೇಕು, ಆಪರೇಟಿಂಗ್ ಪ್ರೆಷರ್ (ಆಧಾರ ಒತ್ತಡ) ಅನ್ನೂ 94,700ಕ್ಕೆ ಇಳಿಸಬೇಕು.

ಪಿ_ಆರ್‌ಜಿಎಚ್ ಕಳೆಯುವುದು ಆಯಾ ಸೆಲ್‌ನದೇ ಸಾಂದ್ರತೆಯ ತೂಕವನ್ನು. ಅದಕ್ಕೂ ತನ್ನದೊಂದು ತೊಡಕು ಇದೆ. ಮೇಲೂ ಕೆಳಗೂ ಫಿಕ್ಸ್ಡ್‌ವ್ಯಾಲ್ಯೂ (ಬದಲಾಗದ ಅಂಕಿ) 94,700 ಎಂದು ಬರೆದರೆ, ಚಿಮಣಿಯ ತುದಿಯಲ್ಲಿ ಬಿಸಿ ಗಾಳಿಯ ತೂಕವೇ ಲೆಕ್ಕಕ್ಕೆ ಬಂದು ಎಳೆತ ಸತ್ತುಹೋಗುತ್ತದೆ. ಮದ್ದು ಸುಲಭ: ಗಡಿಯಲ್ಲಿ ಪಿಆರ್‌ಜಿಎಚ್‌ಪ್ರೆಷರ್ ಎಂಬ ಷರತ್ತು ಹಾಕಿ, ನಿಜವಾದ ಒತ್ತಡವನ್ನೇ ಬರೆಯಿರಿ. ಎಚ್‌ರೆಫ್ (ಎತ್ತರ ಅಳೆಯುವ ಮೂಲಮಟ್ಟ) ಕಿಂಡಿಯ ಮಟ್ಟದಲ್ಲಿ ಸೊನ್ನೆ, ಅಲ್ಲಿ ಒತ್ತಡ 94,700, ಚಿಮಣಿಯ ತುದಿಯಲ್ಲಿ 94,634.9. ಓಡಿಸಿದ ಮೇಲೆ ಚಿಮಣಿ ಬಾಯಿಯ ಪಿ_ಆರ್‌ಜಿಎಚ್ ನೋಡಿ, 94,693.2ರ ಆಸುಪಾಸಿನಲ್ಲಿರಬೇಕು. ಕಿಂಡಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ 6.8. ಚಿಮಣಿಯಿಂದ ತಣ್ಣನೆ ಗಾಳಿ ಹಿಂದಕ್ಕೆ ನುಗ್ಗಿದರೂ ಅಲ್ಲಿನ ಸಾಂದ್ರತೆಗೆ ತಕ್ಕಂತೆ ಅಂಕಿ ತಾನೇ ಬದಲಾಗುತ್ತದೆ, ಇದು ನನಗೆ ತುಂಬ ಹಿಡಿಸಿದ ಗುಣ.

ಕಿಂಡಿಯಲ್ಲಿ ಸ್ಥಿರ ಒತ್ತಡಕ್ಕಿಂತ ಒಟ್ಟು ಒತ್ತಡದ (ಸ್ಥಿರ ಒತ್ತಡದ ಜೊತೆ ವೇಗದ ಪಾಲೂ ಸೇರಿದ್ದು) ಷರತ್ತು ವಾಸಿ. ಇಲ್ಲದಿದ್ದರೆ ಒಳಬರುವ ಗಾಳಿಗೆ ಚಲನಶಕ್ತಿ ಬಿಟ್ಟಿಯಾಗಿ ಸಿಗುತ್ತದೆ. ರಿಲ್ಯಾಕ್ಸೇಶನ್ (ಪ್ರತಿ ಸುತ್ತಿನಲ್ಲಿ ಹೊಸ ಉತ್ತರದ ಎಷ್ಟು ಪಾಲು ಒಪ್ಪಬೇಕು ಎಂಬ ಅಂಕಿ) ಪಿ_ಆರ್‌ಜಿಎಚ್‌ಗೆ 0.7, ವೇಗಕ್ಕೆ 0.3ರಿಂದ ಶುರು ಮಾಡಿ.

ಏನನ್ನೂ ಕಳೆಯದೆ ಪೂರ್ಣ ಒತ್ತಡವನ್ನೇ ಬಿಡಿಸುವ ಮೂರನೆಯ ದಾರಿ ಬೇಡವೇ ಬೇಡ. 2 ಸೆಂ.ಮೀ. ಎತ್ತರದ ಒಂದು ಸೆಲ್‌ನಲ್ಲಿ ಎಳೆತದ ಪಾಲು 0.023 ಪ್ಯಾಸ್ಕಲ್. 94,700ರ ಮಟ್ಟದಲ್ಲಿ ಸಿಂಗಲ್ ಪ್ರಿಸಿಷನ್‌ನ (ಕಂಪ್ಯೂಟರ್ ಅಂಕಿಯನ್ನು 32 ಬಿಟ್‌ನಲ್ಲಿ ಇಡುವ ರೀತಿ) ಒಂದು ಹೆಜ್ಜೆ, ಅಂದರೆ ಅದು ಗುರುತಿಸಬಲ್ಲ ಅತಿ ಚಿಕ್ಕ ವ್ಯತ್ಯಾಸವೇ 0.008. ಮೂರು ಹೆಜ್ಜೆಗೆ ಎಳೆತವೆಲ್ಲ ಮುಗಿಯಿತು! ಬೂಸಿನೆಸ್ಕ್ (ಸಾಂದ್ರತೆಯ ಬದಲಾವಣೆಯನ್ನು ತೂಕದಲ್ಲಿ ಮಾತ್ರ ಎಣಿಸುವ ಸರಳ ಲೆಕ್ಕ) ಕೂಡ 35 ಡಿಗ್ರಿ ಅಂತರಕ್ಕೆ ಒರಟು, ಸಾಂದ್ರತೆ ಶೇ. 10ಕ್ಕಿಂತ ಹೆಚ್ಚು ಬದಲಾಗುತ್ತದೆ.

ಕಚೇರಿಯಲ್ಲಿ ಫ್ಲುಯೆಂಟ್ ಲೈಸೆನ್ಸ್ ಮೊದಲೇ ಇದ್ದರೆ ಅದರಲ್ಲೇ ಮಾಡಿ. ಕೈಯಿಂದ ದುಡ್ಡು ಹಾಕುವವರಿಗೆ, ನನ್ನ ಹಾಗೆ ಎಲ್ಲವನ್ನೂ ಟೆಕ್ಸ್ಟ್ ಫೈಲ್‌ನಲ್ಲಿ ಇಟ್ಟುಕೊಳ್ಳುವವರಿಗೆ ಓಪನ್‌ಫೋಮ್ ಸರಿ. ಅದೇ ಡ್ರೈಯರನ್ನು ಸಾಗರಕ್ಕೋ ತೀರ್ಥಹಳ್ಳಿಗೋ ಲೆಕ್ಕ ಹಾಕುವಾಗ ಆ ಊರಿನ ಎತ್ತರ, ಉಷ್ಣತೆ ನೋಡಿ ಎರಡು ಗಡಿಯ ಒತ್ತಡ ಮತ್ತು ಹೊರಗಿನ ಉಷ್ಣತೆ ತಿದ್ದಿದರೆ ಆಯಿತು.